ಎರಡು ಪಟ್ಟಿ, ನಡುವೆ ಒಂದು ಬಾಣ

ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವವರೆಲ್ಲ ಒಂದಲ್ಲ ಒಂದು ಸಲ ಈ ಪರದೆ ಮಾಡಿಯೇ ಇರುತ್ತಾರೆ. ಎಡಗಡೆ ಒಂದು ಲಿಸ್ಟ್ ಬಾಕ್ಸ್, ಬಲಗಡೆ ಇನ್ನೊಂದು, ನಡುವೆ ಬಾಣದ ಗುರುತಿನ ಬಟನ್‌ಗಳು. ಬೇಕಾದ್ದನ್ನು ಆರಿಸಿ ಆಚೆಗೆ ದಾಟಿಸಬೇಕು, ಅಷ್ಟೆ. ಅರ್ಧ ಗಂಟೆ ಕೆಲಸ ಅಂತ ನಾನೂ ಅಂದುಕೊಂಡಿದ್ದೆ.

ಒಂದು ಕಚೇರಿಗೆ, ಪರೀಕ್ಷೆ ಡ್ಯೂಟಿಗೆ ಮೇಷ್ಟ್ರುಗಳನ್ನು ಹಾಕುವ ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದೆ, ವಿಂಡೋಸ್ ಫಾರ್ಮ್ಸ್‌ನಲ್ಲಿ. ತಿಂಗಳ ನಂತರ ಹೋಗಿ ನೋಡಿದರೆ ಅಲ್ಲಿನ ಮೇಡಂ ಒಂದೊಂದೇ ಹೆಸರು ಆರಿಸಿ, ಒಂದೊಂದು ಸಲವೂ ಬಾಣ ಒತ್ತುತ್ತಾ ಕೂತಿದ್ದಾರೆ. "ಒಟ್ಟಿಗೇ ಆರಿಸಬಹುದಲ್ಲಾ ಮೇಡಂ?" ಅಂದೆ. "ಹಾಗ್ ಮಾಡಿದ್ರೆ ಕೆಲವು ಅಲ್ಲೇ ಉಳ್ಕೊಳ್ತವೆ ಸಾರ್. ನಾನೇ ಸರಿಯಾಗಿ ಒತ್ತಲ್ಲ ಅನ್ಸತ್ತೆ" ಅಂದರು.

ಅವರು ಸರಿಯಾಗೇ ಒತ್ತುತ್ತಿದ್ದರು. ತಪ್ಪು ನನ್ನ ಲೂಪಿನದು. ಸೊನ್ನೆಯಿಂದ ಶುರು ಮಾಡಿ, ಆಯ್ಕೆಯಾದ ಹೆಸರನ್ನು ಬಲಕ್ಕೆ ಸೇರಿಸಿ, ಎಡದಿಂದ ತೆಗೆದು ಮುಂದಕ್ಕೆ ಹೋಗುತ್ತಿದ್ದೆ. ಒಂದನ್ನು ತೆಗೆದ ಕೂಡಲೇ ಕೆಳಗಿನದು ಅದರ ಜಾಗಕ್ಕೆ ಏರುತ್ತದೆ, ಲೂಪ್ ಅದನ್ನು ನೋಡದೆ ದಾಟಿಬಿಡುತ್ತದೆ. ಸಾಲಾಗಿ ಐದು ಆರಿಸಿದರೆ 1, 3, 5 ಹೋಗುತ್ತವೆ. 2, 4 ಉಳಿಯುತ್ತವೆ. ಅದೇ ಫಾರ್ ಈಚ್ ಹಾಕಿದ್ದರೆ, ಓದುತ್ತಿರುವ ಪಟ್ಟಿ ನಡುವೆಯೇ ಬದಲಾಯಿತು ಅಂತ ಎರರ್ ಆದರೂ ಬರುತ್ತಿತ್ತು. ಬಾಯಿ ಬಿಡುವ ತಪ್ಪು ವಾಸಿ, ಸುಮ್ಮನಿರುವ ತಪ್ಪು ಕಷ್ಟ.

ಕೊನೆಯಿಂದ ಮೇಲಕ್ಕೆ ಎಣಿಸಿದರೆ ಇದು ಸರಿಹೋಗುತ್ತದೆ, ಆದರೆ ಬಲಗಡೆ ಹೆಸರುಗಳು ತಲೆಕೆಳಗಾಗಿ ಬೀಳುತ್ತವೆ. ಅದಕ್ಕೆ ನಾನೀಗ ಆರಿಸಿದ್ದನ್ನೆಲ್ಲ ಮೊದಲು ಬೇರೆ ಪಟ್ಟಿಗೆ ಬರೆದುಕೊಂಡು, ಆಮೇಲೆ ಸೇರಿಸಿ, ಕೊನೆಗೆ ತೆಗೆಯುತ್ತೇನೆ.

ಇನ್ನೊಂದು ಇದಕ್ಕಿಂತ ಕೆಟ್ಟದ್ದಿತ್ತು. ಪಟ್ಟಿಗೆ ನಾನು ತುಂಬಿದ್ದು ಬರೀ ಹೆಸರು. ಅಲ್ಲಿ ಮಂಜುನಾಥರು ಇಬ್ಬರು! ಎರಡನೆಯವರನ್ನು ಆರಿಸಿದರೂ ಹೆಸರು ಹಿಡಿದು ಹುಡುಕುವ ನನ್ನ ಕೋಡ್‌ಗೆ ಮೊದಲು ಸಿಗುವುದು ಮೊದಲನೆಯವರೇ. ಪಾಪ, ಡ್ಯೂಟಿ ಆರ್ಡರ್ ಪ್ರತಿ ಸಲ ಅವರಿಗೇ. ಲಿಸ್ಟ್ ಬಾಕ್ಸ್‌ಗೆ ನೌಕರರ ನಂಬರ್ ಸಮೇತ ಇಡೀ ಆಬ್ಜೆಕ್ಟನ್ನೇ ಹಾಕಿ, ಡಿಸ್‌ಪ್ಲೇ ಮೆಂಬರ್‌ನಲ್ಲಿ ಹೆಸರು ಮಾತ್ರ ತೋರಿಸಬಹುದು. ಗೊತ್ತಿದ್ದೂ ಸೋಮಾರಿತನ ಮಾಡಿದ್ದೆ.

ನನ್ನ ಅಭಿಪ್ರಾಯ ಇಷ್ಟೇ. ಆಯ್ಕೆ ಅನ್ನುವುದು ಬಳಸುವವರ ಸ್ವತ್ತು, ನಮ್ಮ ಕೋಡಿನದ್ದಲ್ಲ. ಅವರು ಐದು ಆರಿಸಿದರೆ ಐದೂ ಹೋಗಬೇಕು, ಆ ಐದೇ ಹೋಗಬೇಕು. ಹೋದವು ಬಲಗಡೆ ಆಯ್ಕೆಯಾಗಿಯೇ ಕಾಣಬೇಕು, ತಪ್ಪಾಗಿದ್ದರೆ ತಕ್ಷಣ ವಾಪಸ್ ಕಳಿಸಲು. ಎಡಗಡೆ ಮುಂದಿನ ಹೆಸರಿನ ಮೇಲೆ ಗುರುತು ನಿಲ್ಲಬೇಕು, ಕೀಬೋರ್ಡಿನಲ್ಲೇ ಕೆಲಸ ಮಾಡುವವರಿಗೆ ಪ್ರತಿ ಸಲ ಮೇಲಿಂದ ಇಳಿದು ಬರುವ ಶಿಕ್ಷೆ ಯಾಕೆ? ಏನೂ ಆರಿಸದಿದ್ದಾಗ ಬಾಣದ ಬಟನ್ ಮಸುಕಾಗಿರಬೇಕು.

ಎಲ್ಲ ಸೇರಿದರೂ ಇಪ್ಪತ್ತು ಮೂವತ್ತು ಸಾಲಿನ ಕೋಡ್. ನಾವು ಬರೆಯದೆ ಬಿಟ್ಟರೆ ಯಾರೋ ಒಬ್ಬರು "ನಾನೇ ಸರಿಯಾಗಿ ಒತ್ತಲ್ಲ" ಅಂದುಕೊಂಡು ದಿನಾ ಒಂದೊಂದೇ ಹೆಸರು ದಾಟಿಸುತ್ತಿರುತ್ತಾರೆ. ನಮಗೆ ದೂರೂ ಬರುವುದಿಲ್ಲ.

ನೀವು ಮಾಡಿದ ಪರದೆ ಮುಂದೆ ಕೂತವರ ಪಕ್ಕದಲ್ಲಿ ಹತ್ತು ನಿಮಿಷ ನಿಂತು ನೋಡಿದ್ದೀರಾ? ಏನು ಕಂಡಿತು, ಹೇಳಿ.