ವಿಚ್ಛೇದನದ ಮೇಲೂ ಉಳಿಯುವ ‘ಕೋಂ’

ಬಿ.ದುರ್ಗ ಹೋಬಳಿಯ ಹೆಣ್ಣುಮಕ್ಕಳ ಹೆಸರಿಗೆ ಮುಂಬೈ, ದೆಹಲಿ ಕಡೆಯವರಂತೆ ಗಂಡನ ಮನೆತನದ ಅಡ್ಡಹೆಸರು ಸೇರುವುದು ಅಪರೂಪ. ಇಲ್ಲಿ ಮದುವೆಯಾದ ಮೇಲೆ ಬದಲಾಗುವುದು ಇನಿಶಿಯಲ್. ಪಹಣಿ, ಕ್ರಯಪತ್ರಗಳಲ್ಲಿ ‘ಬಿನ್’ ಹೋಗಿ ‘ಕೋಂ’ ಬರುತ್ತದೆ. ಇಂಥವರ ಮಗಳು ಇಂಥವರ ಹೆಂಡತಿಯೆಂದು ದಾಖಲಾಗುತ್ತಾಳೆ. ಸಂಸಾರ ಮುರಿದು ತವರಿಗೆ ಬಂದರೂ ಅದು ತಾನಾಗಿ ಅಳಿಯುವುದಿಲ್ಲ. ಹಳೆಯ ಹೆಸರಿಗೆ ಮರಳಬೇಕೇ ಬೇಡವೇ ಎಂಬ ಪ್ರಶ್ನೆ ನಗರದ ಉದ್ಯೋಗಸ್ಥೆಗೆ ಎದುರಾಗುವಷ್ಟೇ ಬಿರುಸಾಗಿ ನಾಡಕಚೇರಿಯಲ್ಲಿ ಅರ್ಜಿ ಹಿಡಿದು ನಿಂತವಳಿಗೂ ಎದುರಾಗುತ್ತದೆ.

ಕಾನೂನು ಅವಳನ್ನು ಕಟ್ಟಿಹಾಕಿಲ್ಲ. ಮದುವೆಯಾದವಳು ಹೆಸರು ಬದಲಿಸಬೇಕೆಂದು 1955ರ ಹಿಂದೂ ವಿವಾಹ ಕಾಯ್ದೆ ಹೇಳುವುದಿಲ್ಲ, ವಿಚ್ಛೇದನವಾದರೆ ಹಳೆಯದಕ್ಕೆ ಮರಳಬೇಕೆಂದೂ ಹೇಳುವುದಿಲ್ಲ. ಕಟ್ಟಿಹಾಕುವುದು ಕಾಗದಪತ್ರಗಳು. ಜಾತಿ ಪ್ರಮಾಣಪತ್ರಕ್ಕೆ ತಂದೆಯ ಕಡೆಯ ದಾಖಲೆ ಬೇಕು, ಪಡಿತರ ಚೀಟಿಯಲ್ಲಿ ಅವಳು ಗಂಡನ ಮನೆಯವಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಇನಿಶಿಯಲ್, ಆಧಾರ್‌ನಲ್ಲಿ ಎಷ್ಟೋ ಸಲ ಗಂಡನದು. ಮದುವೆ ನಿಂತಿರುವವರೆಗೆ ಇದು ಯಾರಿಗೂ ತೊಡಕೆನಿಸುವುದಿಲ್ಲ. ಮುರಿದ ಮೇಲೆ, ಎರಡೂ ಹೆಸರಿನವಳು ತಾನೇ ಎಂದು ಅಫಿಡವಿಟ್ ಮಾಡಿಸಿಕೊಂಡು ಅಲೆಯುವ ಪಾಡು ಅವಳದೇ. ಗೃಹಲಕ್ಷ್ಮಿಯ 2,000 ರೂಪಾಯಿ ಸಿಗುವುದು ಪಡಿತರ ಚೀಟಿಯಲ್ಲಿ ಯಜಮಾನಿ ಆದವಳಿಗೆ. ತವರಿನ ಚೀಟಿಯಲ್ಲಿ ಅಮ್ಮ ಯಜಮಾನಿ. 40ರಿಂದ 64 ವರ್ಷದ ಬಡ ವಿಚ್ಛೇದಿತೆಯರಿಗೆ ‘ಮನಸ್ವಿನಿ’ ಪಿಂಚಣಿ ಇದೆ, ಅದಕ್ಕೆ ವಿಚ್ಛೇದನವಾಗಿದೆಯೆಂದು ತೋರಿಸಬೇಕು.

ಕಗ್ಗಂಟಿರುವುದು ಅಲ್ಲೇ. ಹಳ್ಳಿಗಳಲ್ಲಿ ಎಷ್ಟೋ ಸಂಸಾರಗಳು ಕೋರ್ಟಿನ ಮೆಟ್ಟಿಲು ಹತ್ತದೆ, ಹಿರಿಯರ ಪಂಚಾಯಿತಿಯಲ್ಲಿ, ಛಾಪಾಕಾಗದದ ಮೇಲೆ ಮುಗಿದುಹೋಗುತ್ತವೆ. ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಂ ರೂಢಿಯಲ್ಲಿರುವ ವಿಚ್ಛೇದನವನ್ನು ಮಾನ್ಯ ಮಾಡುತ್ತದೆ, ನಿಜ. ಆದರೆ ತಮ್ಮಲ್ಲಿ ಅಂಥ ರೂಢಿ ಇದೆಯೆಂದು ಸಾಬೀತುಪಡಿಸುವ ಹೊಣೆ ಅದನ್ನು ಹೇಳಿಕೊಂಡವರ ಮೇಲೆ. ಕೌಂಟರಿನಲ್ಲಿ ಕೇಳುವುದು ಡಿಕ್ರಿಯನ್ನು. ಡಿಕ್ರಿ ಇಲ್ಲದಿದ್ದರೆ ಗಂಡನ ಒಪ್ಪಿಗೆ ತರಬೇಕೇ? ಮದುವೆಗೆ ಮುಂಚಿನ ಅಡ್ಡಹೆಸರಿಗೆ ಮರಳಲು ವಿಚ್ಛೇದನದ ಡಿಕ್ರಿ ಅಥವಾ ಗಂಡನ ನಿರಾಕ್ಷೇಪಣಾ ಪತ್ರ ಬೇಕೆಂಬ ಕೇಂದ್ರದ ಅಧಿಸೂಚನೆಯನ್ನು ಮಹಿಳೆಯೊಬ್ಬರು 2024ರಲ್ಲಿ ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದ್ದು ಇದೇ ಕಾರಣಕ್ಕೆ. ಹೊಡೆತ ತಿಂದು ಹೊರಬಂದವಳು ಹುಟ್ಟಿದಾಗ ಇಟ್ಟ ಹೆಸರಿಗಾಗಿ ಹೊಡೆದವನ ಸಹಿಗೆ ಕಾಯಬೇಕೆನ್ನುವ ನಿಯಮವನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಹಾಗೆಂದು ಎಲ್ಲರೂ ಹಳೆಯ ಹೆಸರಿಗೇ ಮರಳಬೇಕೆಂದು ಒತ್ತಾಯಿಸುವುದೂ ತಪ್ಪು. ಮಗುವಿನ ಶಾಲೆಯ ದಾಖಲಾತಿ, ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್, ಹೊಲಿಗೆ ಅಂಗಡಿಯ ಬೋರ್ಡು, ಎಲ್ಲದರಲ್ಲೂ ಹದಿನೈದು ವರ್ಷ ನಡೆದ ಹೆಸರು ಅವಳ ದುಡಿಮೆಯಿಂದಲೇ ಊರಿಗೆ ಪರಿಚಯವಾದದ್ದು. ಅದನ್ನು ಉಳಿಸಿಕೊಂಡವಳಿಗೆ ‘ಇನ್ನೂ ಅವನ ಹೆಸರೇ ಬೇಕಾ’ ಎನ್ನುವವರು ಆ ದುಡಿಮೆಯನ್ನೂ ಅವನ ಲೆಕ್ಕಕ್ಕೆ ಬರೆಯುತ್ತಾರೆ. ಅವಸರದ ತೀರ್ಮಾನಕ್ಕೆ ಇನ್ನೊಂದು ಅಡ್ಡಿಯೂ ಇದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಎರಡೇ ಅವಕಾಶ. ಮದುವೆಗೊಂದು, ವಿಚ್ಛೇದನಕ್ಕೊಂದು ಖರ್ಚಾದರೆ ಮುಂದೆ ಅಕ್ಷರದೋಷ ತಿದ್ದಿಸಲೂ ಪರದಾಡಬೇಕು.

ಸರ್ಕಾರ ಮನಸ್ಸು ಮಾಡಿದರೆ ದಾರಿ ಸರಳವಾಗುತ್ತದೆ. ವಿಚ್ಛೇದಿತರು, ಬೇರೆಯಾದವರು ಪಾಸ್‌ಪೋರ್ಟ್ ಅರ್ಜಿಯಲ್ಲಿ ಸಂಗಾತಿಯ ಹೆಸರು ಬರೆಯಬೇಕಿಲ್ಲ, ಡಿಕ್ರಿಯನ್ನೂ ಕೊಡಬೇಕಿಲ್ಲ ಎಂದು ವಿದೇಶಾಂಗ ಸಚಿವಾಲಯ 2016ರ ಡಿಸೆಂಬರ್‌ನಲ್ಲೇ ಪ್ರಕಟಿಸಿತು. ದೇಶ ಬಿಟ್ಟು ಹೋಗುವವಳಿಗೆ ಸಿಕ್ಕ ಈ ಘನತೆ ಪಡಿತರ ಚೀಟಿ ಕೇಳುವವಳಿಗೂ ಸಿಗಬೇಕು. ಕಂದಾಯ ಮತ್ತು ಆಹಾರ ಇಲಾಖೆಗಳು ಬೇರೆಯಾದ ಹೆಣ್ಣಿನ ಸ್ವಯಂ ಘೋಷಣೆಯನ್ನು ಒಪ್ಪಿ, ಎಸ್ಸೆಸ್ಸೆಲ್ಸಿ ಅಥವಾ ಜನನ ಪ್ರಮಾಣಪತ್ರದ ಹೆಸರನ್ನೇ ಮೂಲವೆಂದು ಹಿಡಿಯಲಿ. ಮದುವೆಯಾದ ವಾರದಲ್ಲೇ ಮಗಳ ಆಧಾರ್ ತಿದ್ದಿಸಲು ಹೊರಡುವ ತಂದೆತಾಯಿಗೆ ನನ್ನ ವಿನಂತಿ ಇಷ್ಟು: ವಿಳಾಸ ಬದಲಿಸಿ, ಹೆಸರನ್ನೂ ಇನಿಶಿಯಲನ್ನೂ ಅವಳು ಕೇಳುವವರೆಗೆ ಹಾಗೇ ಬಿಡಿ.