ಹಲಸೂರಿನ ಮಗುವಿಗೆ ಕನ್ನಡದ ಪುಸ್ತಕದಲ್ಲಿ ಮನೆ ಎಲ್ಲಿ?

ಆಗಷ್ಟೇ ಓದಲು ತೊಡಗಿದ ಮಗುವಿಗೆ ಪುಸ್ತಕದ ಚಿತ್ರವೇ ಕೀಲಿಕೈ. ಅಕ್ಷರ, ಅದರ ಮೇಲೆ ಗುಣಿತ, ಕೆಳಗೆ ಒತ್ತು, ಇಷ್ಟನ್ನು ಬಿಡಿಸುವುದರಲ್ಲೇ ಆರು ವರ್ಷದ ಕಣ್ಣು ದಣಿಯುತ್ತದೆ. ಅರ್ಥಕ್ಕಾಗಿ ಅದು ಚಿತ್ರದತ್ತ ಹೊರಳುತ್ತದೆ. ಚಿತ್ರದ ಅಡುಗೆಮನೆ, ಉಡುಪು, ಬೀದಿ ತನ್ನದೇ ಎನಿಸಿದರೆ ಪದ ತಾನಾಗಿ ಬಾಯಿಗೆ ಬರುತ್ತದೆ. ಇಲ್ಲದಿದ್ದರೆ ಮಗು ಪದದ ಜೊತೆಗೆ ಆ ಲೋಕವನ್ನೂ ಊಹಿಸಿಕೊಳ್ಳಬೇಕು. ಎಳೆಯರ ಚಿತ್ರಪುಸ್ತಕದಲ್ಲಿ ಯಾರ ಮನೆ ಕಾಣಬೇಕು ಎಂಬ ವಾದ ಮೊದಲಿಗೆ ಕಲಿಕೆಯ ವಾದ, ಆಮೇಲೆ ರಾಜಕಾರಣದ್ದು.

ಬೆಂಗಳೂರಿನ ಹಲಸೂರಿನಲ್ಲಿ ಈ ಪ್ರಶ್ನೆಗೆ ಮೊನಚು ಹೆಚ್ಚು. 1809ರಲ್ಲಿ ಬ್ರಿಟಿಷರ ದಂಡು ನೆಲೆಗೊಂಡ ಮೇಲೆ ಅದರ ಬೆನ್ನಿಗೆ ತಮಿಳು ಮಾತಾಡುವ ಕುಟುಂಬಗಳು ಇಲ್ಲಿಗೆ ಬಂದು ಬೇರುಬಿಟ್ಟವು. ಸೋಮೇಶ್ವರನ ಗುಡಿ, ಲೂರ್ದು ಮಾತೆಯ ಚರ್ಚು, ಮಸೀದಿ, ಕೆರೆಯಂಚಿನ ಗುರುದ್ವಾರ ಎಲ್ಲವೂ ಒಂದೇ ಸುತ್ತಿನಲ್ಲಿವೆ. ಮರ್ಫಿ ಟೌನ್, ಜೋಗುಪಾಳ್ಯದ ಮನೆಗಳಲ್ಲಿ ತಮಿಳು, ತೆಲುಗು, ದಖನಿ ಉರ್ದು. ಬೀದಿಗಿಳಿದರೆ ಇವೆಲ್ಲ ಬೆರೆತ ಕನ್ನಡ. ಇಲ್ಲಿನ ಬಹಳಷ್ಟು ಮಕ್ಕಳಿಗೆ ಕನ್ನಡ ಎರಡನೆಯ ಅಥವಾ ಮೂರನೆಯ ಮಾತು. ಚಿತ್ರದ ಆಸರೆ ಅತಿ ಹೆಚ್ಚು ಬೇಕಾದವರೂ ಅವರೇ.

ಆದರೆ ಕನ್ನಡದ ಎಳೆಯರ ಪುಸ್ತಕಗಳಲ್ಲಿ ಮನೆಯೆಂದರೆ ಬಹುಮಟ್ಟಿಗೆ ಒಂದೇ ಬಗೆ: ಹೆಂಚಿನ ಮಾಡು, ಅಂಗಳದ ತುಳಸಿಕಟ್ಟೆ, ಒಲೆಯ ಮುಂದೆ ಅಮ್ಮ, ಪತ್ರಿಕೆ ಹಿಡಿದ ಅಪ್ಪ, ರಜೆಗೆ ಅಜ್ಜಿಯ ಊರು. ಮೀನು, ಮಾಂಸ ಬೇಯುವ ಒಲೆ ಅಪರೂಪ. ವಠಾರದ ಹಂಚಿಕೆಯ ನಲ್ಲಿಯೂ ಅಪರೂಪ. ಉಳಿದವರು ಇಲ್ಲವೇ ಇಲ್ಲ ಎನ್ನಲಾಗದು. ಅವರು ಬರುವುದು ಪಾಠ ಹೇಳಲಿಕ್ಕೆ. ಪೌರಕಾರ್ಮಿಕ ಮಹಿಳೆ ಬರುವುದು ಸ್ವಚ್ಛತೆಯ ಪಾಠಕ್ಕೆ, ಗಾಲಿಕುರ್ಚಿಯ ಹುಡುಗಿ ಬರುವುದು ಕರುಣೆಯ ಪಾಠಕ್ಕೆ, ಟೋಪಿ ಹಾಕಿದ ಹುಡುಗ ಬರುವುದು ಕೈಕೈ ಹಿಡಿದು ನಿಂತ ಐಕ್ಯದ ಚಿತ್ರಕ್ಕೆ. ಆ ಹುಡುಗನ ಹಲ್ಲು ಬೀಳುವುದಿಲ್ಲ, ಬೆಕ್ಕು ಕಳೆದುಹೋಗುವುದಿಲ್ಲ, ಅವನು ತಂಗಿಯೊಡನೆ ಜಗಳಾಡುವುದಿಲ್ಲ. ಕಥೆಯ ನಾಯಕನಾಗುವ ಸಾಮಾನ್ಯ ಬಾಲ್ಯ ಅವನಿಗೆ ಸಿಕ್ಕಿಲ್ಲ. ಹೊರಗಿಡುವುದಕ್ಕಿಂತ ಇದು ಸೂಕ್ಷ್ಮವಾದ ಅನ್ಯಾಯ, ಏಕೆಂದರೆ ಒಳಗೆ ಕರೆದಂತೆ ತೋರುತ್ತದೆ.

ಅವನಂಥವರ ಮನೆಗೂ ಜಾಗ ಕೇಳಿದರೆ ಎದುರಾಗುವ ಮೊದಲ ಮಾತು, ಮಕ್ಕಳ ಪುಸ್ತಕಕ್ಕೆ ಜಾತಿ, ಮತ ತರಬೇಡಿ ಎಂಬುದು. ಆದರೆ ತುಳಸಿಕಟ್ಟೆಯೂ ಒಂದು ಮತದ ಗುರುತೇ. ಅದು ಕಣ್ಣಿಗೆ ಬೀಳದಷ್ಟು ರೂಢಿಯಾಗಿದೆ, ಅಷ್ಟೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮುಂದೆ ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಬಂತು. ಶಾಲೆಯ ತಟ್ಟೆಗೆ ಬಂದದ್ದು ಶಾಲೆಯ ಪುಸ್ತಕಕ್ಕೆ ಏಕೆ ಬರಬಾರದು?

ಎರಡನೆಯ ಆಕ್ಷೇಪ ಗಟ್ಟಿಯದು. ಬೆಂಗಳೂರಿನಲ್ಲಿ ಕನ್ನಡವೇ ಸೊರಗುತ್ತಿರುವಾಗ ಪುಸ್ತಕದಲ್ಲಿ ತಮಿಳು, ಉರ್ದು ಮನೆಗಳಿಗೆ ಜಾಗ ಮಾಡುವುದೇ? ಈ ಆತಂಕ ಸುಳ್ಳಲ್ಲ. ಪ್ರಾಥಮಿಕ ಶಾಲೆಗಳ ಮೇಲೆ ಸರ್ಕಾರ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಕಾನೂನಿನ ಬಲವೂ ಕುಂದಿದೆ. ಆದರೆ ಮುಚ್ಚಿಡುವುದರಿಂದ ಕನ್ನಡ ಉಳಿಯುತ್ತದೆಯೇ ಎಂಬುದಕ್ಕೆ ಹಲಸೂರಿನಲ್ಲೇ ಒಂದು ಸಾಕ್ಷಿ ಇದೆ. ಕೆರೆಯ ಬಳಿಯ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ ಕನ್ನಡಪರರ ವಿರೋಧದಿಂದ 1991ರಿಂದ 18 ವರ್ಷ ಮುಸುಕಿನೊಳಗೆ ನಿಂತಿತ್ತು. 2009ರ ಆಗಸ್ಟ್ 9ರಂದು ಮುಸುಕು ಸರಿಯಿತು. ನಾಲ್ಕು ದಿನಕ್ಕೆ ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞ ನಿಂತ. ಮುಸುಕಿನ ಆ 18 ವರ್ಷ ಹಲಸೂರಿನ ಒಂದು ಮನೆಗೂ ಕನ್ನಡವನ್ನು ಕೊಂಡೊಯ್ಯಲಿಲ್ಲ. ಇಲ್ಲಿನ ತಮಿಳು ಮನೆಯ ಸೆಲ್ವಿ ಎಂಬ ಹುಡುಗಿಯನ್ನು ಊಹಿಸಿಕೊಳ್ಳಿ: ಅವಳ ಮನೆಯ ಕಥೆ ಕನ್ನಡದಲ್ಲಿದ್ದರೆ ಸೆಲ್ವಿ ಕನ್ನಡ ಓದುತ್ತಾಳೆ. ಅವಳ ಮನೆ ಇಂಗ್ಲಿಷ್ ಪುಸ್ತಕದಲ್ಲಷ್ಟೇ ಇದ್ದರೆ ಇಂಗ್ಲಿಷ್‌ಗೆ ಹೋಗುತ್ತಾಳೆ.

ದೊಡ್ಡವರ ಕನ್ನಡ ಸಾಹಿತ್ಯ ಈ ಬಾಗಿಲನ್ನು ಎಂದೋ ತೆರೆದಿದೆ. ದೇವನೂರ ಮಹಾದೇವ, ಸಿದ್ದಲಿಂಗಯ್ಯ, ಸಾರಾ ಅಬೂಬಕ್ಕರ್, ಬೊಳುವಾರು ಬರೆದದ್ದು ಕನ್ನಡದ ಅಂಚಿನಲ್ಲಿಲ್ಲ, ನಡುಮನೆಯಲ್ಲಿದೆ. ಬಾನು ಮುಷ್ತಾಕ್ ಅವರ ಕಥೆಗಳು 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆದವು. ಆರು ವರ್ಷದವರ ಪುಸ್ತಕ ಮಾತ್ರ ಆ ನಡುಮನೆಗೆ ಇನ್ನೂ ಪೂರ್ತಿ ಕಾಲಿಟ್ಟಿಲ್ಲ.

ಪ್ರಯತ್ನಗಳು ನಡೆದಿವೆ. 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್, 2015ರಲ್ಲಿ ಸ್ಟೋರಿವೀವರ್ ಜಾಲತಾಣ ತೆರೆದು ಚಿತ್ರಕಥೆಗಳನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿತು. ಯಾರು ಬೇಕಾದರೂ ಅನುವಾದಿಸಬಹುದು, ಮರುಬರೆಯಬಹುದು. ಚೆನ್ನೈನ ತೂಲಿಕಾ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಪ್ರಕಟಿಸುತ್ತದೆ. ಆದರೆ ಒಮ್ಮೆ ಬರೆದ ಚಿತ್ರವೇ ಎಲ್ಲ ಭಾಷೆಗಳಿಗೂ ಹೋಗುವಾಗ ಬೀದಿ ಯಾವ ಊರಿನದೂ ಆಗಿರುವುದಿಲ್ಲ. ಅನುವಾದ ಅರ್ಧ ಕೆಲಸ. ಕನ್ನಡದಲ್ಲೇ ಹುಟ್ಟಿದ, ಇಲ್ಲಿನ ಬೀದಿ ನೋಡಿ ಬಿಡಿಸಿದ ಪುಸ್ತಕ ಬೇಕು.

ಅಡ್ಡಿ ಹಣದಲ್ಲೂ ಇದೆ. ಗ್ರಂಥಾಲಯ ಖರೀದಿಯಲ್ಲಿ ಪುಟಕ್ಕಿಷ್ಟು ಎಂಬ ಲೆಕ್ಕದಿಂದ ಬೆಲೆ ನಿಗದಿಯಾದರೆ, ಹದಿನಾರು ಪುಟದ ಬಣ್ಣದ ಪುಸ್ತಕ ಮಾಡುವ ಪ್ರಕಾಶಕ ಕಲಾವಿದನಿಗೆ ಏನು ಕೊಟ್ಟಾನು? ಹಣದ ಜೊತೆಗೆ ಎಣಿಕೆಯೂ ಬೇಕು. ಅಮೆರಿಕದಲ್ಲಿ 1965ರಲ್ಲಿ ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ 5,206 ಮಕ್ಕಳ ಪುಸ್ತಕಗಳನ್ನು ಪರಿಶೀಲಿಸಿ, ಶೇ 6.7ರಲ್ಲಿ ಮಾತ್ರ ಕಪ್ಪು ಜನ ಇದ್ದಾರೆಂದು ತೋರಿಸಿದ ಮೇಲೆ ಅಲ್ಲಿನ ಪ್ರಕಾಶಕರು ಉತ್ತರಿಸಬೇಕಾಯಿತು. ಸಾರ್ವಜನಿಕ ಗ್ರಂಥಾಲಯ ಇಲಾಖೆ ತನ್ನ ಮಕ್ಕಳ ಕಪಾಟುಗಳಲ್ಲಿ ಅಂಥದೇ ಎಣಿಕೆ ಮಾಡಲಿ, ಚಿತ್ರಪುಸ್ತಕಕ್ಕೆ ಬೇರೆ ದರ ಕಟ್ಟಲಿ. ಎಣಿಕೆ ಮರ್ಫಿ ಟೌನಿನ ಗ್ರಂಥಾಲಯದಿಂದಲೇ ಶುರುವಾಗಲಿ.