ಮಗನಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ ತಾಯಿ



ಕೋರ್ಟು, ಕಚೇರಿ ಅಂದ್ರೆ ನಮ್ಮಂಥ ಗೃಹಿಣಿಯರಿಗೆ ಎದೆ ಢವಢವ ಅನ್ನುತ್ತೆ, ಅಲ್ವೇ? ಹಾಗಿರುವಾಗ ಓದು ಬಾರದ, ಕೈಯಲ್ಲಿ ಕಾಸಿಲ್ಲದ, ಮೊನ್ನೆ ಮೊನ್ನೆವರೆಗೂ ಗುಲಾಮಳಾಗಿದ್ದ ಒಬ್ಬ ಹೆಂಗಸು ‘ನನ್ನ ಮಗನನ್ನು ಕೊಡಿಸಿ’ ಅಂತ ಕೋರ್ಟಿಗೆ ಹೋದಳು ಅಂದ್ರೆ ನಂಬ್ತೀರಾ? ಇದು ಕಟ್ಟುಕಥೆಯಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ನಡೆದದ್ದು.

ಅವಳ ಹೆಸರು ಇಸಬೆಲ್ಲಾ. 1797ರ ಸುಮಾರಿಗೆ ಗುಲಾಮ ದಂಪತಿಗಳ ಮಗಳಾಗಿ ಹುಟ್ಟಿದಳು. ಒಂಬತ್ತರ ಆಸುಪಾಸಿನ ಆ ಹುಡುಗಿಯನ್ನು ಕುರಿಗಳ ಜೊತೆ ಸೇರಿಸಿ 100 ಡಾಲರಿಗೆ ಮಾರಿದರು. ಅವಳಿಗೆ ಬರುತ್ತಿದ್ದದ್ದು ಡಚ್ ಭಾಷೆ; ಹೊಸ ಮನೆಯವರದು ಇಂಗ್ಲಿಷ್. ಬಾಣಲೆ ತಾ ಅಂದ್ರೆ ಪಾತ್ರೆ ತೂಗುಹಾಕುವ ಕೊಕ್ಕೆ ತಂದುಕೊಡುತ್ತಿದ್ದಳಂತೆ! ಮಾತು ತಿಳಿಯದ ತಪ್ಪಿಗೆ ಮೈತುಂಬ ಏಟು.

ಕೊನೆಯ ಯಜಮಾನ ಬಿಡುಗಡೆ ಮಾಡ್ತೀನಿ ಅಂದವನು ಮಾತಿಗೆ ತಪ್ಪಿದ. 1826ರ ಕೊನೆಯಲ್ಲಿ ಒಂದು ದಿನ, ಬೆಳಕು ಹರಿಯುವ ಮುಂಚೆ, ಇಸಬೆಲ್ಲಾ ಹಸುಗೂಸನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಉಳಿದ ಮಕ್ಕಳನ್ನು ಬಿಟ್ಟು ಬರಬೇಕಾಯಿತು. ಆ ಸಂಕಟ ಹೆತ್ತವರಿಗೇ ಗೊತ್ತು! ಆಶ್ರಯ ಕೊಟ್ಟ ದಂಪತಿಗಳು ಯಜಮಾನನಿಗೆ ತಾಯಿಯ ಬಾಬ್ತು 20 ಡಾಲರ್, ಕೂಸಿನ ಬಾಬ್ತು 5 ಡಾಲರ್ ಕೊಟ್ಟು ಕಳಿಸಿದರು.

ಅಷ್ಟರಲ್ಲಿ ಸಿಡಿಲಿನಂಥ ಸುದ್ದಿ ಬಂತು. ಐದು ವರ್ಷದ ಮಗ ಪೀಟರ್‌ನನ್ನು ದೂರದ ಅಲಬಾಮಾಕ್ಕೆ ಮಾರಿಬಿಟ್ಟಿದ್ದರು. ಗುಲಾಮರನ್ನು ರಾಜ್ಯದ ಹೊರಗೆ ಮಾರಬಾರದು ಅಂತ ನ್ಯೂಯಾರ್ಕಿನಲ್ಲಿ ಕಾನೂನಿತ್ತು. ಹಳೆಯ ಯಜಮಾನಿಯ ಹತ್ತಿರ ಹೋಗಿ ಅತ್ತರೆ, ಒಂದು ಮಗುವಿಗೆ ಇಷ್ಟೊಂದು ರಂಪವೇ ಅಂತ ಹಂಗಿಸಿದಳು. ಇಸಬೆಲ್ಲಾ ಅಷ್ಟಕ್ಕೇ ಸುಮ್ಮನಾಗಲಿಲ್ಲ. ತಿಳಿದವರನ್ನು ಕೇಳಿದಳು, ಮೈಲಿಗಟ್ಟಲೆ ಬರಿಗಾಲಲ್ಲಿ ಓಡಾಡಿದಳು. ಕ್ವೇಕರ್ ಪಂಥದ ಕ್ರೈಸ್ತರು ಕಿಂಗ್‌ಸ್ಟನ್ ಕೋರ್ಟಿನ ದಾರಿ ತೋರಿಸಿದರು. 1828ರಲ್ಲಿ ಮಗ ತಾಯಿಗೇ ಸೇರಬೇಕು ಅಂತ ತೀರ್ಪಾಯಿತು.

ಆದರೆ ಹೆದರಿಹೋಗಿದ್ದ ಹುಡುಗ, ಇವಳು ನನ್ನ ಅಮ್ಮನೇ ಅಲ್ಲ ಅಂತ ಕಿರುಚಾಡಿದ. ರಮಿಸಿ ಸಮಾಧಾನ ಮಾಡಿ ಮೈ ಸವರಿದರೆ, ಮೈತುಂಬ ಬಾಸುಂಡೆ. ಆ ತಾಯಿಕರುಳು ಹೇಗೆ ತಡೆದುಕೊಂಡಿತೋ!

1843ರಲ್ಲಿ ಅವಳು ಸೋಜರ್ನರ್ ಟ್ರೂತ್ ಅಂತ ಹೊಸ ಹೆಸರಿಟ್ಟುಕೊಂಡಳು. ಊರೂರು ತಿರುಗಿ ಗುಲಾಮಗಿರಿ ಹೋಗಲಿ, ಹೆಂಗಸರಿಗೂ ಹಕ್ಕು ಸಿಗಲಿ ಅಂತ ಭಾಷಣ ಮಾಡಿದಳು. ಅಕ್ಷರ ಬಾರದಿದ್ದರೂ ತನ್ನ ಕಥೆ ಹೇಳಿ ಬರೆಸಿ, 1850ರಲ್ಲಿ ಪುಸ್ತಕ ಮಾಡಿಸಿ, ತಾನೇ ಮಾರಿದಳು. 1864ರಲ್ಲಿ ಅಧ್ಯಕ್ಷ ಲಿಂಕನ್ನರನ್ನು ಕಂಡು ಮಾತಾಡಿದಳು. 1883ರಲ್ಲಿ ತೀರಿಕೊಂಡಳು. ಮಗನಿಗಾಗಿ ಹೂಡಿದ ಆ ಮೊಕದ್ದಮೆಯ ಕಾಗದಗಳು 2022ರಲ್ಲಿ ನ್ಯೂಯಾರ್ಕ್ ರಾಜ್ಯದ ದಫ್ತರದಲ್ಲಿ ಮತ್ತೆ ಸಿಕ್ಕವು.

ಗೆದ್ದೇ ಗೆಲ್ತೀನಿ ಅಂತ ಅವಳಿಗೆ ಯಾರೂ ಭರವಸೆ ಕೊಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳೋದಕ್ಕೆ ಅವಳು ನಾಚಲಿಲ್ಲ, ಅಷ್ಟೇ. ಮನೆಪತ್ರವೋ, ಬ್ಯಾಂಕಿನ ಕಾಗದವೋ ಎದುರಿಗೆ ಬಂದಾಗ ‘ಇದೆಲ್ಲ ನಿನಗ್ಯಾಕೆ?’ ಅಂತ ಯಾರಾದರೂ ಅಂದರೆ, ಸೋದರಿಯರೇ, ಈ ತಾಯಿಯನ್ನು ನೆನೆಸಿಕೊಳ್ಳಿ. ಧೈರ್ಯವಾಗಿ ಕೇಳಿ.